ಸಿಸ್ಟಮ್‌ಡಿ ಕಬಂಧನಾ? ಜಗಳ ಎಬ್ಬಿಸಿದ ಸಾಫ್ಟ್‌ವೇರ್‌ಗಳಿಗೆ ರಾಕ್ಷಸರ ಹೆಸರು ಹುಡುಕೋಣ ಬನ್ನಿ

ಆನೆಗೊಂದಿ ದಾರಿ (ಗಂಗಾವತಿ)

ಹೋದ ಭಾನುವಾರ ಅಣ್ಣನ ಮಕ್ಕಳನ್ನು ಕರೆದುಕೊಂಡು ಪಂಪಾ ಸರೋವರದ ಕಡೆ ಹೋಗಿದ್ದೆ. ಬಿಸಿಲು ಕೇಳಬೇಡಿ. ಅಂಜನಾದ್ರಿ ಹತ್ತುವ ಧೈರ್ಯ ಯಾರಿಗೂ ಬರಲಿಲ್ಲ, ಅದಕ್ಕೆ ನೆರಳಲ್ಲಿ ಕೂತು ಕಥೆ ಶುರು ಮಾಡಿದೆ. ರಾಮ ಲಕ್ಷ್ಮಣರು ಈ ಕಡೆ ಬರುವ ಮುಂಚೆ ದಾರಿಯಲ್ಲಿ ಕಬಂಧ ಸಿಕ್ಕಿದ, ಅವನಿಗೆ ತಲೆಯೇ ಇಲ್ಲ, ಹೊಟ್ಟೆಯಲ್ಲೇ ಬಾಯಿ, ಕೈ ಮಾತ್ರ ಒಂದೊಂದು ಯೋಜನ ಉದ್ದ, ಕೂತಲ್ಲೇ ಕೂತು ಸಿಕ್ಕಿದ್ದನ್ನೆಲ್ಲ ಬಾಚಿ ಒಳಗೆ ಹಾಕಿಕೊಳ್ಳುತ್ತಿದ್ದ ಅಂತ. ಚಿಕ್ಕವಳು ಕೇಳಿದಳು: "ಕಾಕಾ, ಅವನು ಎದ್ದು ಓಡಾಡೋದೇ ಇಲ್ವಾ?" ಇಲ್ಲವ್ವ, ಅಷ್ಟು ಉದ್ದ ಕೈ ಇದ್ದಮೇಲೆ ಯಾಕೆ ಏಳಬೇಕು ಅಂದೆ. ಅಂದ ಕೂಡಲೇ ನನಗೆ ನೆನಪಾಗಿದ್ದು ಸಿಸ್ಟಮ್‌ಡಿ.

ಲಿನಕ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ವಿಂಡೋಸ್ ಥರ ಅದೂ ಒಂದು ಆಪರೇಟಿಂಗ್ ಸಿಸ್ಟಮ್. ಲಿನಕ್ಸ್ ಕಂಪ್ಯೂಟರ್ ಆನ್ ಆದಾಗ ಕರ್ನಲ್, ಅಂದರೆ ಅದರ ತಿರುಳು, ಮೊದಲು ಎಬ್ಬಿಸುವ ಪ್ರೋಗ್ರಾಮ್‌ಗೆ 1 ಅಂತ ನಂಬರ್ ಇರುತ್ತದೆ. ಉಳಿದವೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಆ ಜಾಗಕ್ಕೆ ಅಂತ 2010ರಲ್ಲಿ ಲೆನಾರ್ಟ್ ಪೊಟ್ಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ಶುರು ಮಾಡಿದರು. ಮುಂದಿನ ವರ್ಷವೇ ಫೆಡೋರಾ ಅನ್ನುವ ಲಿನಕ್ಸ್‌ನ 15ನೇ ಆವೃತ್ತಿಯಲ್ಲಿ ಬಂತು. ಮೊದಲು ಬೇರೆ ಪ್ರೋಗ್ರಾಮ್‌ಗಳನ್ನು ಎಬ್ಬಿಸೋದಷ್ಟೇ ಕೆಲಸ. ಆಮೇಲೆ ಲಾಗ್ ಬರೆಯೋದು, ಲಾಗಿನ್ ನೋಡಿಕೊಳ್ಳೋದು, ನೆಟ್‌ವರ್ಕ್, ಗಡಿಯಾರ ಸರಿ ಮಾಡೋದು, ವೆಬ್ ವಿಳಾಸ ಹುಡುಕೋದು, ಕೊನೆಗೆ ನಮ್ಮ ಹೋಮ್ ಫೋಲ್ಡರ್‌ವರೆಗೂ ಕೈ ಬಂತು. ಕೂತ ಜಾಗ ಬಿಟ್ಟು ಎದ್ದಿಲ್ಲ ನೋಡಿ!

ನೀವೂ ಹೇಳಿ. ಆದರೆ ಸುಮ್ನೆ "ಇದು ಕೆಟ್ಟದ್ದು, ಅದಕ್ಕೆ ರಾವಣ" ಅನ್ನೋದು ಬೇಡ, ಪಾಪ ರಾವಣನಿಗೂ ಮರ್ಯಾದೆ ಇದೆ. ವರ ಕೊಟ್ಟವರು ಯಾರು, ಹೊಡೆತ ಹೇಗೆ, ಸಾವು ಎಲ್ಲಿಂದ ಬಂತು, ಇಷ್ಟು ಹೊಂದಬೇಕು.

ಶೆಲ್ ಸರ್ (ರಾಯಚೂರು)

ತಮ್ಮಾ, ನಿನ್ನ ವಯಸ್ಸಿನವರು ಹಳೆ ಕಾಲ ನೋಡಿಲ್ಲ, ಅದಕ್ಕೆ ಹೀಗೆ ಬರೆಯುತ್ತೀರಿ. ಸಿಸ್ಟಮ್‌ಡಿ ಬರುವ ಮುಂಚೆ ಬೇರೆ ಪ್ರೋಗ್ರಾಮ್‌ಗಳನ್ನು ಎಬ್ಬಿಸುತ್ತಿದ್ದ ಇನಿಟ್ ಸ್ಕ್ರಿಪ್ಟ್‌ಗಳು ಸೊಸೈಟಿ ಮುಂದೆ ಗೊಬ್ಬರಕ್ಕೆ ನಿಂತ ಸಾಲು ಇದ್ದ ಹಾಗೆ. ಮುಂದಿನವನದು ಮುಗಿಯದೆ ಹಿಂದಿನವನಿಗೆ ದಾರಿ ಇಲ್ಲ. ಒಂದು ಸರ್ವೀಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್, ಸತ್ತರೆ ಅದು ಸತ್ತಿದೆ ಅಂತ ಹೇಳುವವರೂ ಇಲ್ಲ. ಒಬ್ಬೊಬ್ಬರದು ಒಂದೊಂದು ಥರದ ಸ್ಕ್ರಿಪ್ಟ್, ರಾತ್ರಿ 2 ಗಂಟೆಗೆ ಎದ್ದು ಓದಿದವರಿಗೇ ಗೊತ್ತು ಅದರ ರುಚಿ. ಈಗ ಹತ್ತು ಸಾಲಿನ ಯೂನಿಟ್ ಫೈಲ್ ಬರೆದರೆ ಮುಗೀತು, ಬಿದ್ದರೆ ತಾನೇ ಎಬ್ಬಿಸುತ್ತದೆ.

ಇನ್ನೊಂದು. ಸಿಸ್ಟಮ್‌ಡಿಯನ್ನು "ಒಂದೇ ದೊಡ್ಡ ಪ್ರೋಗ್ರಾಮ್" ಅಂತ ಬೈಯುವವರಿದ್ದಾರೆ, ಅದು ತಪ್ಪು. ಬೇರೆ ಬೇರೆ ಪ್ರೋಗ್ರಾಮ್‌ಗಳ ಗುಂಪು ಅದು, ಬೇಡವಾದದ್ದು ಎಷ್ಟೋ ಬಿಡಬಹುದು. ಡೆಬಿಯನ್ ಅನ್ನುವ ಲಿನಕ್ಸ್‌ನವರು 2014ರಲ್ಲಿ ತಿಂಗಳುಗಟ್ಟಲೆ ಜಗಳ ಆಡಿ, ಸಮಿತಿಯಲ್ಲಿ ಮತ ಸಮಸಮ ಬಿದ್ದು, ಅಧ್ಯಕ್ಷರ ಮತದಿಂದ ಇದನ್ನು ಆರಿಸಿಕೊಂಡರು. ಒಪ್ಪದವರು ಅದೇ ವರ್ಷ ದೇವುವಾನ್ ಅಂತ ಬೇರೆ ಮನೆ ಮಾಡಿದರು. ಪಂಚಾಯ್ತಿಯಲ್ಲಿ ಮತ ಹಾಕಿ ರಾಕ್ಷಸನನ್ನು ಮನೆಗೆ ಕರೆದದ್ದು ಯಾವ ಪುರಾಣದಲ್ಲಿದೆ ಹೇಳು?

ಕೊನೆಯ "ಡಿ" ಡೀಮನ್‌ನ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ನ) ಡಿ, ಅದಕ್ಕೇ ರಾಕ್ಷಸ ಅನ್ನುವವರೂ ಇದ್ದಾರೆ. ಅದೂ ತಪ್ಪು. 1963ರ ಸುಮಾರಿಗೆ ಎಂಐಟಿಯಲ್ಲಿ ಆ ಹೆಸರು ಇಟ್ಟವರು ಭೌತಶಾಸ್ತ್ರದಿಂದ ತಂದಿದ್ದು. ಬಾಗಿಲಲ್ಲಿ ಕೂತು ಬಿಸಿ ಅಣು ಈ ಕಡೆ, ತಣ್ಣನೆ ಅಣು ಆ ಕಡೆ ಅಂತ ವಿಂಗಡಿಸುವ, ಯಾರ ಕಣ್ಣಿಗೂ ಬೀಳದ ಒಂದು ಕೆಲಸಗಾರ, ಮ್ಯಾಕ್ಸ್‌ವೆಲ್ ಕಲ್ಪಿಸಿಕೊಂಡದ್ದು. ನಮ್ಮಲ್ಲಿ ಅಂಥದ್ದಕ್ಕೆ ಮನೆ ಕಾಯುವ ಭೂತ ಅನ್ನಬಹುದೇನೋ.

ಆನೆಗೊಂದಿ ದಾರಿ

ಸರ್, ಮತ ಹಾಕಿದ್ದು ಒಪ್ಪಿದೆ. ಆದರೆ ಬೇಡವಾದದ್ದನ್ನು ಬಿಡಬಹುದು ಅನ್ನೋದು ಕಾಗದದ ಮೇಲೆ ಮಾತ್ರ. ಗ್ನೋಮ್ ಅನ್ನುವ ಡೆಸ್ಕ್‌ಟಾಪ್ ಬೇಕು ಅಂದರೆ ಸಿಸ್ಟಮ್‌ಡಿಯ ಲಾಗಿನ್‌ಡಿ ಬೇಕಾಯಿತು, ಅದು ಬೇಕು ಅಂದರೆ ಉಳಿದದ್ದು ಹಿಂದೆಯೇ ಬಂತು. ನಾನು ಬಾಯಿ ನೋಡಿ ಕಬಂಧ ಅಂದಿಲ್ಲ, ಕೈ ನೋಡಿ ಅಂದಿದ್ದು.

ಡಿಟಿಪಿ ಅಕ್ಕ (ಬಳ್ಳಾರಿ, ಕೌಲ್ ಬಜಾರ್)

ನಿಮ್ಮ ಲಿನಕ್ಸ್ ಜಗಳ ನನಗೆ ಅರ್ಧ ಅರ್ಥ ಆಗಲ್ಲ. ಆದರೆ ವಾತಾಪಿ ಯಾರು ಅಂತ ಹೇಳಬಲ್ಲೆ. 2005ರ ಸೋನಿ ಬಿಎಂಜಿ ಹಾಡಿನ ಸಿಡಿ.

ಇಲ್ವಲ ತಮ್ಮನನ್ನು ಟಗರು ಮಾಡಿ, ಕೊಯ್ದು ಅಡುಗೆ ಮಾಡಿ, ಅತಿಥಿಗೆ ಬಡಿಸುತ್ತಿದ್ದ. ಊಟ ಆದಮೇಲೆ "ವಾತಾಪಿ, ಹೊರಗೆ ಬಾ" ಅಂದರೆ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಆ ಸಿಡಿಯೂ ಹಾಗೇ. ದುಡ್ಡು ಕೊಟ್ಟು ತಂದ ಹಾಡು. ಕಂಪ್ಯೂಟರ್‌ಗೆ ಹಾಕಿದರೆ ನಕಲು ತಡೆಯುವ ನೆಪದಲ್ಲಿ ಒಂದು ರೂಟ್‌ಕಿಟ್ ಒಳಗೆ ಕೂತುಬಿಡುತ್ತಿತ್ತು. ಒಂದು ಗೊತ್ತಾದ ಅಕ್ಷರಗಳಿಂದ ಶುರುವಾಗುವ ಯಾವ ಫೈಲನ್ನೂ ವಿಂಡೋಸ್ ಕಣ್ಣಿಗೇ ಬೀಳದ ಹಾಗೆ ಮಾಡುತ್ತಿತ್ತು. ಬೇರೆ ವೈರಸ್‌ನವರು ಅದೇ ಮರೆಯಲ್ಲಿ ಬಂದು ಕೂತರು. ಮಾರ್ಕ್ ರುಸಿನೋವಿಚ್ ಅನ್ನುವವರು ತಮ್ಮ ಕಂಪ್ಯೂಟರ್‌ನಲ್ಲೇ ಅದನ್ನು ಹಿಡಿದು ಬರೆದರು, ಅವರೇ ಅಗಸ್ತ್ಯ. ಇಲ್ಲಿ ಒಂದು ಕಡೆ ಕಥೆಗಿಂತ ಕೆಟ್ಟದಾಯಿತು. ತೆಗೆದುಹಾಕಲು ಅಂತ ಕೊಟ್ಟ ಪ್ರೋಗ್ರಾಮ್ ಇನ್ನೊಂದು ತೂತು ಮಾಡಿಟ್ಟಿತು. ಜೀರ್ಣ ಆಗಲು ಕೊಟ್ಟ ಚೂರ್ಣದಲ್ಲೂ ವಾತಾಪಿ!

ಈಗ ನನ್ನ ಸ್ವಂತ ಪ್ರಶ್ನೆ. ನನ್ನ ಹತ್ತಿರ 2004ರಿಂದ ಮಾಡಿದ ಮದುವೆ ಕಾರ್ಡು, ಜಾತ್ರೆ ಕರಪತ್ರ, ಒಬ್ಬ ಹಿರಿಯರ ಪೂರ್ತಿ ಕವನ ಸಂಕಲನ, ಎಲ್ಲ ಒಂದು ಹಳೆ ಕನ್ನಡ ಸಾಫ್ಟ್‌ವೇರ್‌ನಲ್ಲಿದೆ. ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಚುಕ್ಕೆ, ಬಾಲ ಬಂದಂಥ ಕಸ. ಹಿರಿಯರು ಈಗ ಇಲ್ಲ. ಅವರ ಮಗ ಕೇಳಿಕೊಂಡು ಎರಡು ಸಲ ಅಂಗಡಿಗೆ ಬಂದು ಹೋದ. ಇದು ಯಾವ ರಾಕ್ಷಸ?

ಶೆಲ್ ಸರ್

ಅಕ್ಕಾರೇ, ಅದು ರಾಕ್ಷಸ ಅಲ್ಲ, ಶಾಪ. ಅಹಲ್ಯೆ ಕಲ್ಲಾದ ಹಾಗೆ. ಹಳೆ ಆಸ್ಕಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಇಟ್ಟಿದ್ದವು. ಫೈಲ್‌ನಲ್ಲಿ ಇರುವುದು ಇಂಗ್ಲಿಷ್ ಸಂಕೇತ, ಫಾಂಟ್ ಇದ್ದರೆ ಮಾತ್ರ ಕಣ್ಣಿಗೆ ಕನ್ನಡ. ಫಾಂಟ್ ಹೋಯಿತು, ಕಲ್ಲು ಉಳಿಯಿತು. ಒಳಗೆ ಜೀವ ಇದೆ, ಗಾಬರಿ ಬೇಡ. ಯೂನಿಕೋಡ್‌ಗೆ, ಅಂದರೆ ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತಕ್ಕೆ, ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಮೊದಲು ನಕಲು ಮಾಡಿ ಇಟ್ಟುಕೊಳ್ಳಿ, ಮೂಲ ಫೈಲ್ ಮುಟ್ಟಬೇಡಿ. ಪುಟ ಕಟ್ಟುವ ಸಾಫ್ಟ್‌ವೇರ್‌ನಿಂದ ಬರೀ ಪಠ್ಯ ಹೊರಗೆ ತೆಗೆದು ಅದನ್ನು ಹಾಕಿ ನೋಡಿ.

ದೊಡ್ಡಾಟ (ಸಿರುಗುಪ್ಪ)

ನನ್ನ ಅಜ್ಜ ದೊಡ್ಡಾಟದಲ್ಲಿ ಬರೀ ರಾಕ್ಷಸ ಪಾತ್ರ ಮಾಡಿದವರು. ಅದಕ್ಕೆ ಒಂದು ಮಾತು. ಬಯಲಾಟದಲ್ಲಿ ರಾಕ್ಷಸನಿಗೇ ದೊಡ್ಡ ಕಿರೀಟ, ರಾಕ್ಷಸನಿಗೇ ಜೋರು ಮದ್ದಳೆ. ಅವನು ಬರುವ ಹೊತ್ತಿಗೆ ನಿದ್ದೆ ಹೋದವರೆಲ್ಲ ಎದ್ದು ಕೂರುತ್ತಿದ್ದರು. ಕೈಲಾಗದವನಿಗೆ ರಾಕ್ಷಸ ಪಾತ್ರ ಕೊಡಲ್ಲ ಅಂತ ಅಜ್ಜ ಹೇಳುತ್ತಿದ್ದರು. ಹಾಗಾಗಿ ಕೆಲಸಕ್ಕೆ ಬಾರದ ಆ್ಯಪ್‌ಗಳನ್ನು ಇಲ್ಲಿ ತರಬೇಡಿ, ಅವು ಕೋಡಂಗಿ ಪಾತ್ರಕ್ಕೂ ಸಾಲಲ್ಲ.

ನನ್ನ ಆಯ್ಕೆ ಭಸ್ಮಾಸುರ: ಕ್ರೌಡ್‌ಸ್ಟ್ರೈಕ್, 2024ರ ಜುಲೈ 19. ಕಾವಲಿಗೆ ಅಂತ ಹಾಕಿಕೊಂಡ ಸಾಫ್ಟ್‌ವೇರ್. ಕಳ್ಳರನ್ನು ಹಿಡಿಯಬೇಕು ಅಂದರೆ ವಿಂಡೋಸ್‌ನ ಗರ್ಭಗುಡಿಯವರೆಗೂ, ಅಂದರೆ ಕರ್ನಲ್‌ವರೆಗೂ, ಹೋಗುವ ವರ ಬೇಕಿತ್ತು, ಸಿಕ್ಕಿತ್ತು. ಒಂದು ಬೆಳಿಗ್ಗೆ ಒಂದು ಕೆಟ್ಟ ಅಪ್‌ಡೇಟ್ ಫೈಲ್ ಬಂತು, ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ಹೊದ್ದು ಮಲಗಿದವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಕಂಪನಿಯವರು ಒಂದೂಕಾಲು ಗಂಟೆ ಚಿಲ್ಲರೆಯಲ್ಲೇ ಆ ಫೈಲ್ ವಾಪಸ್ ತೆಗೆದಿದ್ದರು, ಆದರೆ ಅಷ್ಟರಲ್ಲಿ ಬಿದ್ದವು ಬಿದ್ದಿದ್ದವು. ಬಿದ್ದ ಕಂಪ್ಯೂಟರ್ ಅಪ್‌ಡೇಟ್ ತಗೊಳ್ಳೋದಾದರೂ ಹೇಗೆ? ಒಂದೊಂದರ ಮುಂದೆ ಒಬ್ಬೊಬ್ಬ ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಫೈಲ್ ಅಳಿಸಬೇಕಾಯಿತು.

ಭಸ್ಮಾಸುರ ಕೈ ಇಡಲು ಹೋಗಿದ್ದು ವರ ಕೊಟ್ಟವನ ತಲೆ ಮೇಲೆಯೇ. ಶಿವ ಓಡಿ ಬಚಾವಾದ. ವಿಂಡೋಸ್‌ಗೆ ಓಡಲು ಜಾಗ ಇರಲಿಲ್ಲ.

ನಿದ್ದೆಗೆಟ್ಟವ (ರಾಯಚೂರು)

ಅಣ್ಣ ಸೂಪರ್. ನಂದು ರಕ್ತಬೀಜ, 2017ರ ಮೇ ತಿಂಗಳ ವಾನಾಕ್ರೈ ವೈರಸ್. ಒಂದು ಕಂಪ್ಯೂಟರ್‌ಗೆ ಬಂದರೆ ಅಕ್ಕಪಕ್ಕದ್ದಕ್ಕೆಲ್ಲ ತಾನೇ ಹಬ್ಬುತ್ತಿತ್ತು, ಯಾರೂ ಏನೂ ಒತ್ತೋದೇ ಬೇಡ. ಹನಿ ಬಿದ್ದಲ್ಲೆಲ್ಲ ಇನ್ನೊಬ್ಬ. ಫೈಲ್‌ಗಳಿಗೆ ಬೀಗ ಹಾಕಿ 300 ಡಾಲರ್ ಕೇಳುತ್ತಿತ್ತು, ಅದೂ ಬಿಟ್‌ಕಾಯಿನ್‌ನಲ್ಲಿ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಪರೇಷನ್ ಮುಂದೆ ಹಾಕಿದರು. ಮಜಾ ಏನಂದರೆ ಅದರ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿತ್ತು! ಹಬ್ಬುವ ಮುಂಚೆ ಅದು ಒಂದು ಉದ್ದದ ಅರ್ಥವಿಲ್ಲದ ವೆಬ್ ವಿಳಾಸವನ್ನು ಕೂಗಿ ನೋಡುತ್ತಿತ್ತು. ಓ ಅಂದರೆ ಸುಮ್ಮನಾಗೋದು, ಉತ್ತರ ಇಲ್ಲದಿದ್ದರೆ ಹಬ್ಬೋದು. ಮಾರ್ಕಸ್ ಹಚಿನ್ಸ್ ಅನ್ನುವ ಹುಡುಗ ಆ ವಿಳಾಸ ಖಾಲಿ ಇರೋದು ನೋಡಿ ತನ್ನ ಹೆಸರಿಗೆ ಮಾಡಿಸಿಕೊಂಡ. ಅವನಿಗೆ ಗೊತ್ತಿಲ್ಲದೆಯೇ ಗಿಳಿ ಕತ್ತು ಕೈಗೆ ಸಿಕ್ಕಿತ್ತು.

ಶೆಲ್ ಸರ್

ಒಂದೇ ಸಾಫ್ಟ್‌ವೇರ್‌ಗೆ ಎರಡು ರಾಕ್ಷಸರನ್ನು ತರುವ ಹಾಗಿಲ್ಲ. ರಕ್ತಬೀಜನ ಕಥೆಯಲ್ಲಿ ಗಿಳಿ ಎಲ್ಲಿಂದ ಬಂತು? ಕಾಳಿ ಬಂದು ನೆಲಕ್ಕೆ ಬೀಳುವ ಮುಂಚೆ ಹನಿ ಹನಿ ನೆಕ್ಕಿದ್ದು ಅಲ್ಲಿ. ನೀನು ಗಿಳಿಯ ಕಥೆಯೊಂದನ್ನೇ ಇಟ್ಟುಕೋ, ಚೆನ್ನಾಗಿದೆ.

ವರ ಕೊಟ್ಟವರು ಯಾರು ಅಂತ ಬರೆಯಲೇ ಇಲ್ಲ ನೀನು. ಅದು ಹಬ್ಬಲು ಬಳಸಿದ ತೂತು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಕಂಡುಹಿಡಿದು, ಯಾರಿಗೂ ಹೇಳದೆ, ತನ್ನ ಬತ್ತಳಿಕೆಯಲ್ಲಿ ಇಟ್ಟುಕೊಂಡಿದ್ದು. ಅವರಿಂದ ಸೋರಿ ಬೀದಿಗೆ ಬಂತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಎರಡು ತಿಂಗಳು ಮುಂಚೆ. ಹಾಕಿಕೊಂಡವರು ನೆಮ್ಮದಿಯಾಗಿದ್ದರು.

ತೊಗಲುಗೊಂಬೆ (ಕೊಪ್ಪಳ)

ಎಲ್ಲರೂ ಗಂಡು ರಾಕ್ಷಸರನ್ನೇ ತಂದಿರಿ. ಸಿಂಹಿಕೆ ಯಾರಿಗೂ ನೆನಪಿಲ್ವಾ? ಹನುಮಂತ ಸಮುದ್ರ ಹಾರುವಾಗ ಕೆಳಗಿನಿಂದ ಅವನ ನೆರಳು ಹಿಡಿದು ಎಳೆದವಳು. ಮೈ ಮುಟ್ಟಲಿಲ್ಲ, ನೆರಳು ಸಾಕಾಯಿತು. ಜಾಹೀರಾತಿನ ಟ್ರ್ಯಾಕಿಂಗ್ ಪೂರ್ತಿ ಅವಳದೇ ವಿದ್ಯೆ. ಹೆಸರು ಗೊತ್ತಿಲ್ಲ ಅನ್ನುತ್ತಾರೆ, ಖರೆ ಇರಬಹುದು. ಯಾವ ಸೈಟ್‌ನಿಂದ ಯಾವ ಸೈಟ್‌ಗೆ ಹೋದೆ, ಎಷ್ಟು ಹೊತ್ತು ನಿಂತೆ, ಫೋನ್ ರಾತ್ರಿ ಎಲ್ಲಿ ಮಲಗುತ್ತದೆ, ಇಷ್ಟು ನೆರಳು ಇದ್ದರೆ ಮೈ ಯಾಕೆ ಬೇಕು? ಐಫೋನ್‌ನವರು 2021ರಿಂದ ಪ್ರತಿ ಆ್ಯಪ್ ಮೊದಲು ಕೇಳಿಯೇ ಹಿಂಬಾಲಿಸಬೇಕು ಅಂದಾಗ, 2020ರ ಡಿಸೆಂಬರ್‌ನಲ್ಲೇ ಫೇಸ್‌ಬುಕ್‌ನವರು ಪೇಪರ್‌ನಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಗಲಾಟೆ ಮಾಡಿದ್ದರು. ನೆರಳಿಗೆ ಎಷ್ಟು ಬೆಲೆ ಅಂತ ಆವತ್ತು ತಿಳೀತು.

ನೆರಳಿನ ಮಾತು ಬಂತು ಅಂತ ಹೇಳುತ್ತೇನೆ, ನಮ್ಮ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅದು ನೆರಳಿನ ಆಟಕ್ಕೇ. ತೊಗಲುಗೊಂಬೆ. ಒಳ್ಳೆ ಕೈಗೆ ಸಿಕ್ಕರೆ ನೆರಳು ರಾಮಾಯಣ ಹೇಳುತ್ತದೆ.

ನಿದ್ದೆಗೆಟ್ಟವ

ಹಾಗಾದರೆ ಫೋನ್‌ನಲ್ಲಿ ಬೇಹುಗಾರಿಕೆ ಮಾಡುವ ಪೆಗಾಸಸ್ ಯಾರು ಅಕ್ಕ? ಅದು ನೆರಳು ಅಲ್ಲ, ನೇರ ಮೈಯೊಳಗೇ ಬರುತ್ತದೆ. ಕೆಲವು ಸಲ ಮೆಸೇಜ್ ಮುಟ್ಟೋದೂ ಬೇಡ.

ತೊಗಲುಗೊಂಬೆ

ಅದಕ್ಕೆ ನಮ್ಮ ಪುರಾಣ ಯಾಕೆ, ಅವರೇ ಗ್ರೀಕ್ ಪುರಾಣದಿಂದ ಹೆಸರು ಇಟ್ಟುಕೊಂಡಿದ್ದಾರೆ. ಪೆಗಾಸಸ್ ಅಂದರೆ ರೆಕ್ಕೆ ಕುದುರೆ. ನೋಡಲು ಚೆಂದ. ಹುಟ್ಟಿದ್ದು ಮಾತ್ರ ಮೆಡುಸಾ ಅನ್ನುವ ಹಾವಿನ ಕೂದಲಿನವಳ ಕತ್ತು ಕಡಿದಾಗ. ಮಾರುವುದು ಸರ್ಕಾರಗಳಿಗೆ ಮಾತ್ರ ಅಂತ ಅದನ್ನು ಮಾಡಿದ ಎನ್‌ಎಸ್‌ಒ ಕಂಪನಿಯೇ ಹೇಳುತ್ತದೆ. ಅಂದರೆ ವರ ಕೊಟ್ಟವರು ಯಾರು ಅನ್ನೋದು ನಿಮಗೇ ಬಿಟ್ಟಿದ್ದು. 2021ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಮಿತಿ ಮಾಡಿ ತನಿಖೆ ಮಾಡಿಸಿತು. ರಾಜಕೀಯ ಶುರುವಾಗುವ ಮುಂಚೆ ನಾನು ಹೊರಟೆ.

ದೊಡ್ಡಾಟ

ಕುಂಭಕರ್ಣ ಯಾರೂ ಹೇಳಲಿಲ್ಲ, ಇಷ್ಟು ಸುಲಭದ್ದು. ಮೈಕ್ರೋಸಾಫ್ಟ್‌ನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 6. 2001ರಲ್ಲಿ ಬಂತು, ಎದುರಾಳಿಗಳನ್ನೆಲ್ಲ ತಿಂದು ತೇಗಿ ಮಲಗಿತು, 7ನೇದು ಎದ್ದದ್ದು 2006ರಲ್ಲಿ. ಫೈರ್‌ಫಾಕ್ಸ್‌ನವರು ಕಿವಿ ಹತ್ತಿರ ನಗಾರಿ ಬಾರಿಸಿದ ಮೇಲೆ.

ಆನೆಗೊಂದಿ ದಾರಿ

ನಮ್ಮ ಊರಿನವನನ್ನು ಬಿಟ್ಟರೆ ಹೇಗೆ? ವಾಲಿ. ರಾಕ್ಷಸ ಅಲ್ಲ, ವಾನರ, ಗೊತ್ತು. ಆದರೆ ಎದುರಿಗೆ ನಿಂತವನ ಅರ್ಧ ಬಲ ಅವನಿಗೆ ಹೋಗುತ್ತದೆ ಅಂತ ಇಲ್ಲಿ ಯಾವ ಮುದುಕರನ್ನು ಕೇಳಿದರೂ ಹೇಳುತ್ತಾರೆ. ವಾಟ್ಸ್‌ಆ್ಯಪ್ ಅದೇ. 2021ರ ಜನವರಿಯಲ್ಲಿ ಪಾಲಿಸಿ ಬದಲಿಸಿದಾಗ ಎಷ್ಟು ಜನ ಸಿಗ್ನಲ್ ಅನ್ನುವ ಇನ್ನೊಂದು ಮೆಸೇಜ್ ಆ್ಯಪ್‌ಗೆ ಹೋದೆವು ನೆನಪಿದೆಯಾ? ನಾನೂ ಹೋದೆ. ವಾರ ಆಯಿತು, ಅಲ್ಲಿ ನಾನು ಮತ್ತು ನನ್ನ ಭಾವಮೈದ ಇಬ್ಬರೇ. ರೈಸ್ ಮಿಲ್ ಗುಂಪು, ಶಾಲೆ ಗುಂಪು, ಸಂಬಂಧಿಕರ ಗುಂಪು ಎಲ್ಲ ಇಲ್ಲೇ. ನಾವು ಬಿಟ್ಟು ಹೋಗೋಣ ಅಂದುಕೊಂಡ ಬಲ ಅದರ ಹತ್ತಿರವೇ ಇತ್ತು. ಆ ಪಾಲಿಸಿಗೆ ಅಂತ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್‌ನ ಒಡೆಯ ಮೆಟಾಗೆ 213 ಕೋಟಿ ದಂಡ ಹಾಕಿತು, ಜನ ಮಾತ್ರ ಎಲ್ಲಿಗೂ ಹೋಗಲಿಲ್ಲ.

ವಾಲಿಗೂ ಒಂದು ಜಾಗ ಮಾತ್ರ ಕಾಲಿಡಲು ಆಗುತ್ತಿರಲಿಲ್ಲ. ದುಂದುಭಿಯ ಹೆಣ ಎತ್ತಿ ಬಿಸಾಡಿದಾಗ ರಕ್ತ ಮತಂಗ ಋಷಿಯ ಆಶ್ರಮದಲ್ಲಿ ಬಿತ್ತು, ಈ ಬೆಟ್ಟಕ್ಕೆ ಬಂದರೆ ಸಾಯುತ್ತೀ ಅಂತ ಶಾಪ. ಸುಗ್ರೀವ ಅಡಗಿದ್ದು ಅಲ್ಲೇ. ಯುರೋಪಿನವರು 2024ರ ಮಾರ್ಚ್‌ನಿಂದ ಹೊಸ ಕಾನೂನಿನಲ್ಲಿ, ದೊಡ್ಡ ಮೆಸೇಜ್ ಆ್ಯಪ್ ಬೇರೆ ಆ್ಯಪ್‌ನವರು ಕೇಳಿದರೆ ಅವರ ಜೊತೆ ಮಾತಾಡಲೇಬೇಕು ಅಂತ ಮಾಡಿದ್ದಾರೆ. ಅದು ಅವರ ಮತಂಗ ಬೆಟ್ಟ.

ಡಿಟಿಪಿ ಅಕ್ಕ

ಮತಂಗ ಬೆಟ್ಟ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಕೊಟ್ಟುಬಿಟ್ಟೆವು. ಅರ್ಧ ಬಲ ಹೋಯಿತು.

ಆನೆಗೊಂದಿ ದಾರಿ

😄 ಅಕ್ಕ! ಸರಿ, ಈಗ ಶೆಲ್ ಸರ್ ಜೊತೆ ಬಾಕಿ ಲೆಕ್ಕ. 2024ರ ಮಾರ್ಚ್‌ನ ಎಕ್ಸ್‌ಝಡ್ ಘಟನೆ. ಫೈಲ್ ಒತ್ತಿ ಚಿಕ್ಕದು ಮಾಡುವ ಒಂದು ಪುಟ್ಟ ಸಾಫ್ಟ್‌ವೇರ್, ನೋಡಿಕೊಳ್ಳುವವರು ಒಬ್ಬರೇ, ಅವರೂ ದಣಿದಿದ್ದರು. ಜಿಯಾ ಟಾನ್ ಅನ್ನುವ ಹೆಸರಿನವರು ಬಂದು ಎರಡು ವರ್ಷಕ್ಕೂ ಜಾಸ್ತಿ ಒಳ್ಳೆ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೀಲಿ ಕೈ ತಗೊಂಡು, ಆಮೇಲೆ ಅದರೊಳಗೆ ಕಳ್ಳ ಬಾಗಿಲಿನ ವಿಷ ಹಾಕಿದರು. ಹನುಮಂತ ಸಂಜೀವಿನಿಗೆ ಹೋಗುವಾಗ ದಾರಿಯಲ್ಲಿ ಋಷಿ ವೇಷ ಹಾಕಿ ಕೂತ ಕಾಲನೇಮಿ ಇವನು. ಬಾ, ನೀರು ಕುಡಿ, ಸ್ವಲ್ಪ ಹೊತ್ತು ಕೂರು ಅನ್ನುವವನು. ಕಾಲನೇಮಿಯ ಉದ್ದೇಶವೇ ತಡ ಮಾಡಿಸೋದು. ಇಲ್ಲಿ ಅವನು ಸಿಕ್ಕಿಬಿದ್ದದ್ದು ತಡದಿಂದ. ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಇಂಜಿನಿಯರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್ ಒಳಗೆ ಹೋಗುವ ಬಾಗಿಲು) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಅನ್ನಿಸಿತು. ಬೇರೆಯವರಾಗಿದ್ದರೆ ಚಹಾ ಕುಡಿಯಲು ಹೋಗುತ್ತಿದ್ದರು. ಅವರು ಅಗೆದರು.

ಈಗ ಕೇಳಿ ಸರ್. ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ಏನು ಸಂಬಂಧ? ಏನೂ ಇಲ್ಲ. ನಡುವೆ ಸಿಸ್ಟಮ್‌ಡಿಯ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮ್‌ಗಳು ಬಳಸುವ ಕೋಡ್ ಗಂಟು, ಇತ್ತು. ಅದು ಎಕ್ಸ್‌ಝಡ್ ಅನ್ನು ಎಳೆದುಕೊಂಡು ಬಂದು ಬಾಗಿಲ ಕಾವಲುಗಾರನ ಮಡಿಲಲ್ಲಿ ಕೂರಿಸಿತು. ಯೋಜನ ಉದ್ದದ ಕೈ!

ಶೆಲ್ ಸರ್

ಇದು ಬರುತ್ತದೆ ಅಂತ ಕಾಯುತ್ತಿದ್ದೆ. ಮೂಲ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಆ ಕೊಂಡಿ ಇಲ್ಲ. ಡೆಬಿಯನ್, ಫೆಡೋರಾದವರು ತಾವೇ ಹೊಲಿದದ್ದು. ಸರ್ವೀಸ್ ಎದ್ದಿತು ಅಂತ ಒಂದು ಸಾಲು ಸುದ್ದಿ ಕಳಿಸಲು ಇಡೀ ಲೈಬ್ರರಿ ಎಳೆದು ತರಬೇಕಿರಲಿಲ್ಲ, ನಾಲ್ಕು ಸಾಲು ಕೋಡ್ ಸಾಕಿತ್ತು. ಸಿಸ್ಟಮ್‌ಡಿಯವರೂ ಇಂಥ ಕೊಂಡಿಗಳನ್ನು ಬೇಕಾದಾಗ ಮಾತ್ರ ತೆರೆಯುವ ಹಾಗೆ ಬದಲಿಸುತ್ತಿದ್ದರು, ಅದೇ ಹೊತ್ತಿನಲ್ಲಿ. ಆದರೂ ಕೈ ಉದ್ದ ಇದ್ದದ್ದು ಹೌದು. ಅಷ್ಟು ಒಪ್ಪುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ.

ಕಬಂಧ ಅಂತಲೇ ಕರೆಯೋದಾದರೆ ಕಥೆ ಪೂರ್ತಿ ಹೇಳು ಮಕ್ಕಳಿಗೆ. ಅವನು ಮೊದಲು ಗಂಧರ್ವ. ಕೈ ಕಡಿದು, ಸುಟ್ಟಮೇಲೆ, ಅವನೇ ಎದ್ದು ಪಂಪೆಯ ಹತ್ತಿರ ಸುಗ್ರೀವ ಇದ್ದಾನೆ, ಅಲ್ಲಿಗೆ ಹೋಗಿ ಅಂತ ದಾರಿ ತೋರಿಸಿದ್ದು. ಅವನಿಲ್ಲದಿದ್ದರೆ ರಾಮ ನಿಮ್ಮ ಗಂಗಾವತಿ ಕಡೆ ಬರುತ್ತಲೇ ಇರಲಿಲ್ಲ.

ಆನೆಗೊಂದಿ ದಾರಿ

ಹೇಳಿದೆ ಸರ್. ಚಿಕ್ಕವಳು "ಹಾಗಾದರೆ ಮೊದಲೇ ಕೇಳಬಹುದಿತ್ತಲ್ಲ, ಕೈ ಯಾಕೆ ಕಡಿದರು" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಕಬ್ಬಿನ ಹಾಲು ಕುಡಿಸಿ ಕರೆದುಕೊಂಡು ಬಂದೆ.

ಡಿಟಿಪಿ ಅಕ್ಕ

ಶೆಲ್ ಸರ್, ನೀವು ಹೇಳಿದ ಹಾಗೆ ಮಾಡಿದೆ. ಕವನಗಳು ಬಂದವು! ರಾತ್ರಿ ಅಂಗಡಿ ಬಾಗಿಲು ಹಾಕಿಕೊಂಡು ಒಬ್ಬಳೇ ಓದಿದೆ. ಆದರೆ ಅರ್ಕಾವತ್ತು ಎಲ್ಲ ಕಡೆ ಜಾಗ ತಪ್ಪಿದೆ. ಸೂರ್ಯ ಇದ್ದಲ್ಲಿ ಸೂಯರ್ ಅಂತ ಬಂದಿದೆ. ಹಿರಿಯರು ಸೂರ್ಯನ ಮೇಲೆ ಬರೆದದ್ದೇ ಜಾಸ್ತಿ, ಬಳ್ಳಾರಿಯವರಲ್ವಾ. ಇದಕ್ಕೆ ಯಾವ ರಾಕ್ಷಸ?

ಶೆಲ್ ಸರ್

ರಾಕ್ಷಸ ಯಾರೂ ಇಲ್ಲ ಅಕ್ಕಾರೇ. ಹಳೆ ಫಾಂಟ್‌ನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಟ್ಟಿರುತ್ತಾರೆ, ಮೊದಲು ಯ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ, ರ ಮೊದಲು ಬರಬೇಕು. ನಿಮ್ಮ ಕನ್ವರ್ಟರ್ ಅದನ್ನು ಹಿಂದುಮುಂದು ಮಾಡುವುದು ಮರೆತಿದೆ. ಒಂದು ಫೈಲ್ ಕಳಿಸಿ, ಸಂಜೆ ಸ್ಕ್ರಿಪ್ಟ್ ಬರೆದು ಕೊಡುತ್ತೇನೆ. ಮೂಲ ಫೈಲ್ ಮುಟ್ಟಿಲ್ಲ ತಾನೇ?

ಡಿಟಿಪಿ ಅಕ್ಕ

ಮುಟ್ಟಿಲ್ಲ. ಮೂರು ಪೆನ್ ಡ್ರೈವ್‌ನಲ್ಲಿ ಇಟ್ಟಿದ್ದೇನೆ.